ರಾಜಕಾಲುವೆಯ ಸೇತುವೆ ಮೇಲೆ ನಿಂತು

ಬೆಂಗಳೂರಿನಲ್ಲಿ ಹಕ್ಕಿ ನೋಡಲು ಹೊರಟವರು ಸಾಮಾನ್ಯವಾಗಿ ಕೆರೆ ಹುಡುಕುತ್ತಾರೆ. ನಾನು ಹೋಗುವುದು ಅಗರದಿಂದ ಬೆಳ್ಳಂದೂರಿನ ಕಡೆ ಹರಿಯುವ ರಾಜಕಾಲುವೆಗೆ, ಅಂದರೆ ಊರಿನ ಮಳೆನೀರು, ಕೊಳಚೆ ಸಾಗುವ ದೊಡ್ಡ ಕಾಲುವೆಗೆ. ವಾಸನೆ ಇದೆ, ನಿಜ. ಆದರೆ ಜೀವವೂ ಇದೆ.

ಸುಮ್ನೆ ನಡೆದು ಹೋದರೆ ಏನೂ ಕಾಣುವುದಿಲ್ಲ. ಬೆಳಿಗ್ಗೆ 7ಕ್ಕೆ ಮುಂಚೆ ಒಂದು ಸೇತುವೆ ಮೇಲೆ ನಿಂತುಬಿಡುತ್ತೇನೆ. ಕಾಂಕ್ರೀಟ್ ಗೋಡೆಗಳ ನಡುವೆ ನೀರು ಓಡುವ ಕಡೆ ಹೆಚ್ಚೇನೂ ಸಿಗದು. ಗೋಡೆಯ ಬುಡದಲ್ಲಿ ಹೂಳು ದಿಬ್ಬವಾಗಿರುತ್ತದಲ್ಲ, ಅಲ್ಲಿ ನೋಡಬೇಕು. ಕೆಸುವು, ಜೊಂಡು, ಹೊನಗೊನ್ನೆ ತಾವಾಗಿಯೇ ಬೆಳೆದಿರುತ್ತವೆ. (ಹೊನಗೊನ್ನೆ ಎಷ್ಟೇ ಎಳೆಯದಾಗಿ ಕಂಡರೂ ಅಲ್ಲಿಂದ ಕಿತ್ತು ಸಾರು ಮಾಡಬೇಡಿ. ಕೊಳಚೆ ನೀರಿನ ಭಾರಲೋಹ ಸೊಪ್ಪಿಗೂ ಸೇರುತ್ತದೆ.) ಕೆಸುವಿನ ಎಲೆಗಳ ಅಡಿಯಲ್ಲೇ ಹುಂಡುಕೋಳಿ ಓಡಾಡುವುದು. ಅದರ ಮುಖ, ಎದೆ ಬಿಳಿ. ಮರಿಗಳು ಮಾತ್ರ ಪೂರ್ತಿ ಕಪ್ಪು. ಸೆಪ್ಟೆಂಬರ್ ಹೊತ್ತಿಗೆ ಹಿಮಾಲಯದ ಕಡೆಯಿಂದ ಬೂದು ಸಿಪಿಲೆಯೂ ಬಾಲ ಕುಣಿಸುತ್ತಾ ಬಂದಿಳಿಯುತ್ತದೆ.

ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸಿದ್ದು ಮೆಟ್ಟುಗಾಲು ಹಕ್ಕಿಗಳು. ಗುಲಾಬಿ ಬಣ್ಣದ ಉದ್ದ ಕಾಲು, ತೆಳ್ಳನೆ ಕೊಕ್ಕು. ಆ ಕಪ್ಪು ಕೆಸರಲ್ಲಿ ಅವಕ್ಕೆ ಸಿಗುವುದಾದರೂ ಏನು? ಪ್ಲಾಸ್ಟಿಕ್ ಡಬ್ಬಿಗೆ ಕಲ್ಲು ಹಾಕಿ, ಹಗ್ಗ ಕಟ್ಟಿ ಸೇತುವೆಯಿಂದ ಇಳಿಬಿಟ್ಟೆ. ಗ್ಲೌಸ್ ಹಾಕಿಕೊಂಡು ಕೆಸರನ್ನು ಬಿಳಿ ತಟ್ಟೆಗೆ ಸುರಿದು, ನೀರು ಬೆರೆಸಿ ಕಾದೆ. ಕೆಸರು ತಳಕ್ಕೆ ಇಳಿದ ಮೇಲೆ ಕೆಂಪು ದಾರದ ತುಂಡುಗಳಂಥ ಹುಳುಗಳು ಹೊರಳಾಡುವುದು ಕಂಡಿತು! ಸೊಳ್ಳೆಯಂತೆಯೇ ಕಾಣುವ, ಆದರೆ ಕಚ್ಚದ ಕೀಟದ ಮರಿಗಳವು. ನಮ್ಮ ಹಾಗೆ ಅವಕ್ಕೂ ಹಿಮೋಗ್ಲೋಬಿನ್ ಇದೆ. ಅದಕ್ಕೇ ಆ ಕೆಂಪು. ಆಮ್ಲಜನಕ ತೀರಾ ಕಡಿಮೆ ಇರುವ ಕೆಸರಲ್ಲೂ ಬದುಕುವುದು ಅದರಿಂದಲೇ. ಇಂಥ ಹುಳುಗಳೇ ಮೆಟ್ಟುಗಾಲು ಹಕ್ಕಿಗೆ ಊಟ.

ಒಂದು ಮಾತು, ಕಾಲುವೆಗೆ ಇಳಿಯಬೇಡಿ. ಮೇಲೆಲ್ಲೋ ಮಳೆಯಾದರೆ ನೀರು ದಿಢೀರನೆ ಏರುತ್ತದೆ.

ಕಂಡದ್ದನ್ನು ತಿಂಗಳವಾರು ಬರೆದಿಟ್ಟು, ಹಕ್ಕಿ ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೂ ಹಾಕುತ್ತೇನೆ. ಹುಂಡುಕೋಳಿ ಗೂಡು ಕಟ್ಟುವುದು ಹೆಚ್ಚಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ. ಪಟ್ಟಿ ಹಿಡಿದುಕೊಂಡು ಹೂಳೆತ್ತುವವರ ಹತ್ತಿರವೂ ಮಾತಾಡಿದ್ದೇನೆ. ಮನೆಗಳಿಗೆ ನೀರು ನುಗ್ಗಬಾರದು ಅಂದ್ರೆ ಹೂಳು ತೆಗೆಯಲೇಬೇಕು, ಎರಡು ಮಾತಿಲ್ಲ. ಅದನ್ನು ಮೇ ಒಳಗೆ ಮುಗಿಸಿ, ಒಂದು ಬದಿಯ ಕೆಸುವನ್ನಾದರೂ ಉಳಿಸಿ ಅಂತ ಪ್ರತಿ ವರ್ಷ ಕೇಳುತ್ತಿದ್ದೇನೆ.