ಮಾಸ್ಟೊಡಾನ್: ಖಾತೆ ತೆರೆಯುವುದರಿಂದ ಮೊದಲ ಪೋಸ್ಟ್‌ವರೆಗೆ

2022ರ ಅಕ್ಟೋಬರಿನಲ್ಲಿ ಟ್ವಿಟರ್ ಇಲಾನ್ ಮಸ್ಕ್ ಅವರ ಕೈಸೇರಿದ ಬಳಿಕ ಅನೇಕರು ಟ್ವಿಟರಿನಂಥದೇ ಸಾಮಾಜಿಕ ಜಾಲತಾಣವಾದ ಮಾಸ್ಟೊಡಾನ್‌ನಲ್ಲಿ ಖಾತೆ ತೆರೆದರು. ಅವರಲ್ಲಿ ಕೆಲವರು ಖಾಲಿ ಪರದೆಯನ್ನು ಕಂಡು ಬೇಸತ್ತು ಹಿಂದಿರುಗಿದರು. ಜರ್ಮನಿಯ ಯೂಜೆನ್ ರೊಖ್ಕೊ 2016ರಲ್ಲಿ ಆರಂಭಿಸಿದ ಈ ಜಾಲತಾಣವು ನಮಗೇನು ಇಷ್ಟವೆಂದು ತಾನೇ ಊಹಿಸಿ ತಂದು ಸುರಿಯುವುದಿಲ್ಲ. ಇಲ್ಲಿ ಬೇಕಾದದ್ದನ್ನು ನಾವೇ ಹುಡುಕಿಕೊಳ್ಳಬೇಕು.

ಮೊದಲಿಗೆ ಸರ್ವರ್, ಅಂದರೆ ನಿಮ್ಮ ಖಾತೆಯನ್ನು ಇರಿಸಿಕೊಳ್ಳುವ ಕಂಪ್ಯೂಟರ್, ಆರಿಸಿಕೊಳ್ಳಿ. ಮಾಸ್ಟೊಡಾನ್ ಎಂಬುದು ಒಂದೇ ಕಂಪನಿಯ ತಾಣವಲ್ಲ, ಬೇರೆ ಬೇರೆಯವರು ನಡೆಸುವ ಸಾವಿರಾರು ಸರ್ವರ್‌ಗಳ ಕೂಟ. ಜಿಮೇಲ್‌ನವರು ಯಾಹೂ ವಿಳಾಸಕ್ಕೆ ಪತ್ರ ಕಳುಹಿಸುವಂತೆಯೇ ಒಂದು ಸರ್ವರ್‌ನವರು ಇನ್ನೊಂದರವರನ್ನು ಫಾಲೋ ಮಾಡಬಹುದಾದ್ದರಿಂದ, ಈ ಆಯ್ಕೆಗೆ ತಲೆಕೆಡಿಸಿಕೊಂಡು ದಿನಗಟ್ಟಲೆ ಕೂರಬೇಕಾಗಿಲ್ಲ. ಸರ್ವರ್‌ನ ನಿಯಮಗಳನ್ನು ಓದಿ, ಇಮೇಲ್ ಕೊಟ್ಟು, ಅದಕ್ಕೆ ಬರುವ ಕೊಂಡಿಯನ್ನು ಒತ್ತಿ ಖಾತೆಯನ್ನು ಖಚಿತಪಡಿಸಿ.

ಬಳಿಕ ಪ್ರೊಫೈಲಿನಲ್ಲಿ ನಿಮ್ಮ ಬಗ್ಗೆ ಎರಡು ಸಾಲು ಬರೆಯಿರಿ. ಅದು ಖಾಲಿ ಇದ್ದರೆ ಯಾರೂ ಮರಳಿ ಫಾಲೋ ಮಾಡುವುದಿಲ್ಲ ಎಂಬುದನ್ನು ನಾನು ಮೊದಲ ವಾರದಲ್ಲೇ ಕಲಿತೆ. ನಂತರ ಹುಡುಕುವ ಜಾಗದಲ್ಲಿ ‘ಕನ್ನಡ’ ಎಂಬ ಹ್ಯಾಶ್‌ಟ್ಯಾಗ್ ಹಾಕಿ ನೋಡಿ. ವ್ಯಕ್ತಿಗಳನ್ನಷ್ಟೇ ಅಲ್ಲ, ಹ್ಯಾಶ್‌ಟ್ಯಾಗನ್ನೂ ಫಾಲೋ ಮಾಡಬಹುದು. ಹಾಗೆ ಮಾಡಿದರೆ ಹೋಮ್ ಪುಟ ಬೇಗ ತುಂಬುತ್ತದೆ. ಹಿಡಿಸಿದ ಪೋಸ್ಟನ್ನು ಬೂಸ್ಟ್ ಮಾಡಿದರೆ ಅದು ನಿಮ್ಮ ಫಾಲೋವರ್‌ಗಳಿಗೆ ತಲುಪುತ್ತದೆ. ನಕ್ಷತ್ರ ಒತ್ತಿದರೆ ಬರೆದವರಿಗೆ ಮೆಚ್ಚುಗೆ ತಿಳಿಯುತ್ತದೆ, ಅಷ್ಟೇ.

ಇನ್ನು ಮೊದಲ ಪೋಸ್ಟ್. ಸಾಮಾನ್ಯವಾಗಿ 500 ಅಕ್ಷರಗಳ ಮಿತಿಯಿದ್ದು, ಎಷ್ಟೇ ಉದ್ದದ ಕೊಂಡಿ ಕೊಟ್ಟರೂ ಅದನ್ನು 23 ಅಕ್ಷರವೆಂದೇ ಲೆಕ್ಕ ಹಿಡಿಯುತ್ತದೆ. ಬರೆಯುವ ಚೌಕದ ಬಳಿ ಭಾಷೆಯ ಗುಂಡಿಯಿದೆ. ಅದು ಇಂಗ್ಲಿಷ್ ಎಂದು ತೋರಿಸುತ್ತಿದ್ದರೆ ಕನ್ನಡಕ್ಕೆ ಬದಲಿಸಿ, ಏಕೆಂದರೆ ಭಾಷೆಯ ಪ್ರಕಾರ ಪೋಸ್ಟ್‌ಗಳನ್ನು ಸೋಸಿ ಓದುವವರಿಗೆ, ಗುಂಡಿ ಬದಲಿಸದಿದ್ದರೆ, ನಿಮ್ಮ ಅಪ್ಪಟ ಕನ್ನಡವೂ ಇಂಗ್ಲಿಷಿನ ಲೆಕ್ಕಕ್ಕೇ ಸೇರುತ್ತದೆ. ಚಿತ್ರ ಹಾಕಿದರೆ ಅದರ ವಿವರಣೆಯನ್ನೂ ಬರೆಯಿರಿ: ‘ನನ್ನ ಫೋಟೊ’ ಎಂದಲ್ಲ, ‘ಬಾಳೆಲೆಯ ಮೇಲೆ ಎರಡು ಕೊಟ್ಟೆ ಕಡುಬು, ಪಕ್ಕದಲ್ಲಿ ಕಾಯಿಚಟ್ನಿ’ ಎಂಬಂತೆ. ಕಣ್ಣು ಕಾಣದವರಿಗೆ ಫೋನು ಓದಿ ಹೇಳುವುದು ಈ ಸಾಲನ್ನೇ.

ಒಂದು ಎಚ್ಚರಿಕೆ ಅಗತ್ಯ. ಖಾಸಗಿ ಸಂದೇಶದ ನಡುವೆ ಮೂರನೆಯವರ ಹೆಸರನ್ನು @ ಗುರುತಿನೊಂದಿಗೆ ಬರೆದರೆ ಸಂದೇಶ ಅವರಿಗೂ ಹೋಗುತ್ತದೆ. ಯಾರನ್ನಾದರೂ ಆಡಿಕೊಳ್ಳುವಾಗಲಂತೂ ಇದು ನೆನಪಿರಲಿ! ಸರ್ವರ್ ನಡೆಸುವವರು ಬಯಸಿದರೆ ಇಂಥ ಸಂದೇಶಗಳನ್ನು ನೋಡಲೂ ಸಾಧ್ಯವಿರುವುದರಿಂದ ಬ್ಯಾಂಕಿನ ವಿವರಗಳನ್ನು ಇಲ್ಲಿ ಬರೆಯಬಾರದು.

ಮುಂದೊಂದು ದಿನ ಸರ್ವರ್ ಹಿಡಿಸದಿದ್ದರೆ ಬೇರೊಂದಕ್ಕೆ ಖಾತೆಯನ್ನು ಸ್ಥಳಾಂತರಿಸಬಹುದು. ಫಾಲೋವರ್‌ಗಳು ಜೊತೆಗೆ ಬರುತ್ತಾರೆ, ಹಳೆಯ ಪೋಸ್ಟ್‌ಗಳು ಬರುವುದಿಲ್ಲ. ಸೆಟ್ಟಿಂಗ್ಸ್‌ನ ಆಮದು–ರಫ್ತು ವಿಭಾಗದಲ್ಲಿ ಅವುಗಳ ಪ್ರತಿಯನ್ನು ಮೊದಲೇ ಇಳಿಸಿಕೊಂಡಿರುವುದು ಒಳ್ಳೆಯದು.