ಉತ್ತರ ಮೊದಲು, ಕೊಂಡಿ ಆಮೇಲೆ

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಬಳಿಯ ನಮ್ಮ ಮನೆಯಿಂದ ಅಡಿಕೆ ಕೃಷಿಕರಿಗಾಗಿ ಒಂದು ಕನ್ನಡ ಜಾಲತಾಣ ನಡೆಸುತ್ತಿದ್ದೇನೆ. ಬದಿಯಡ್ಕ, ಮುಳ್ಳೇರಿಯ, ಬಾಯಾರು, ಮಂಜೇಶ್ವರದ ಕಡೆಯ ತೋಟದವರು ಇದರ ಮುಖ್ಯ ಓದುಗರು. ಗಡಿಯಾಚೆಯ ವಿಟ್ಲ, ಪುತ್ತೂರು, ಸುಳ್ಯದವರೂ ಇದ್ದಾರೆ. ಇವರಲ್ಲಿ ಜಾಲತಾಣದ ವಿಳಾಸವನ್ನು ತಾವೇ ಬರೆದು ಒಳಗೆ ಬರುವವರು ಬಹಳ ಕಡಿಮೆ. ಇವರೆಲ್ಲ ಸಿಗುವುದು ವಾಟ್ಸ್‌ಆ್ಯಪ್‌ನಲ್ಲಿ, ಸ್ವಲ್ಪ ಮಟ್ಟಿಗೆ ಫೇಸ್‌ಬುಕ್‌ನಲ್ಲಿ. ಅಲ್ಲಿಂದ ಪುಟಕ್ಕೆ ಬಂದವರು ನಿಂತು ಓದಬೇಕು, ಮತ್ತೆ ಬರಬೇಕು, ತಮ್ಮ ತೋಟದ ಅನುಭವವನ್ನೂ ಸೇರಿಸಬೇಕು. ಅದಕ್ಕಾಗಿ ನಾನು ಏನು ಮಾಡುತ್ತೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅರ್ಧ ಮಾತು ಹೇಳಿ, ‘ಉಳಿದದ್ದನ್ನು ತಿಳಿಯಲು ಕೊಂಡಿ ಒತ್ತಿ’ ಎನ್ನುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಮಳೆ ನಿಂತು ಹೊಳವಾದ ಎರಡು ಗಂಟೆಯೊಳಗೆ ತೋಟಕ್ಕೆ ಮದ್ದು ಸಿಂಪಡಿಸಿ ಮುಗಿಸಬೇಕಾದ ಮನುಷ್ಯನನ್ನು ಕುತೂಹಲದಲ್ಲಿ ಕೂರಿಸುವುದು ಅನ್ಯಾಯ. ತುರ್ತಾಗಿ ಬೇಕಾದ ಉತ್ತರವನ್ನು ಸಂದೇಶದಲ್ಲೇ ಪೂರ್ತಿ ಕೊಡುತ್ತೇನೆ. ಲೆಕ್ಕ, ಚಿತ್ರ, ಕಾರಣ, ಮುಂದಿನ ವರ್ಷವೂ ನೋಡಬೇಕಾದ ವಿವರ ಪುಟದಲ್ಲಿರುತ್ತದೆ. ಉತ್ತರ ಸಿಕ್ಕಿದ ಮೇಲೆ ಯಾರು ಕೊಂಡಿ ಒತ್ತುತ್ತಾರೆ ಎಂದು ಕೇಳುವವರಿದ್ದಾರೆ. ಒತ್ತುತ್ತಾರೆ. ಸಂದೇಶದಿಂದ ಕೆಲಸವಾದವರೇ ಪುಟವನ್ನು ನಂಬಿ ಬರುತ್ತಾರೆ.

ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣದ ಉದಾಹರಣೆಯನ್ನೇ ಹೇಳುತ್ತೇನೆ. ಅಡಿಕೆಕಾಯಿ ಕೊಳೆತು ಉದುರುವ ಕೊಳೆರೋಗ ಬಾರದಂತೆ ಮಳೆಗಾಲ ಹಿಡಿಯುವ ಮೊದಲೊಮ್ಮೆ, ಆಮೇಲೆ 40ರಿಂದ 45 ದಿನಗಳಲ್ಲಿ ಇನ್ನೊಮ್ಮೆ ಸಿಂಪಡಿಸುವುದು ನಮ್ಮ ಕಡೆಯ ಕ್ರಮ. ದ್ರಾವಣ ಹದವಾಗಿದೆಯೇ ಎಂದು ನೋಡಲು ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು ಎಂದರ್ಥ. ಅಂಥ ಕೆಂಪಾದ ಅಲಗಿನ ಫೋಟೊ ಒಂದನ್ನು ಮೇ ತಿಂಗಳ ಕೊನೆಯಲ್ಲಿ ಫೇಸ್‌ಬುಕ್‌ಗೆ ಹಾಕಿ, ‘ಈ ದ್ರಾವಣವನ್ನು ನೀವು ಅಡಿಕೆ ಗೊನೆಗಳಿಗೆ ಬಿಡುತ್ತೀರಾ?’ ಎಂದಷ್ಟೇ ಕೇಳಿದೆ. ತೋಟದ ಹಿರಿಯರು ಉತ್ತರಿಸತೊಡಗಿದರು. ಬಿಡುವುದಿಲ್ಲ, ಸುಣ್ಣದ ತಿಳಿ ಸೇರಿಸುತ್ತೇನೆ ಎಂದರು ಕೆಲವರು. ಸುಣ್ಣ ಹಳತಾಗಿದ್ದರೆ ಹೀಗಾಗುತ್ತದೆ ಎಂದರು ಇನ್ನು ಕೆಲವರು. ಅದೇ ಸಂಜೆ ಸರಿಯಾದ ಉತ್ತರವನ್ನು ಆ ಫೋಟೊದ ಕೆಳಗೇ ಬರೆದು ಪುಟದ ಕೊಂಡಿ ಕೊಟ್ಟೆ. ಪುಟದಲ್ಲಿ ಇದ್ದದ್ದು ಪೂರ್ತಿ ಕ್ರಮ: 50 ಲೀಟರ್ ನೀರಿನಲ್ಲಿ 1 ಕಿಲೋ ಮೈಲುತುತ್ತ, ಬೇರೆ 50 ಲೀಟರ್ ನೀರಿನಲ್ಲಿ 1 ಕಿಲೋ ಸುಣ್ಣ, ತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಹೊಯ್ಯುವುದು, ಕಬ್ಬಿಣದ ಪಾತ್ರೆ ಬಳಸದಿರುವುದು, ಮಾಡಿದ ದಿನವೇ ಮುಗಿಸುವುದು. 200 ಲೀಟರ್ ಡ್ರಮ್ಮಿನ ಲೆಕ್ಕವನ್ನೂ ಸೇರಿಸಿದ್ದೆ. ಸುಣ್ಣದ ವಿಷಯದಲ್ಲಿ ಓದುಗರು ಹೇಳಿದ ಮಾತುಗಳನ್ನು ಅವರ ಒಪ್ಪಿಗೆ ಪಡೆದು ಪುಟದ ಕೆಳಗೆ ಪೋಣಿಸಿದೆ. ತಮ್ಮ ಮಾತು ಅಲ್ಲಿ ಕಂಡವರು ಪುಟವನ್ನು ತಮ್ಮದೆಂದೇ ಭಾವಿಸಿ ನೆಂಟರ ಗುಂಪುಗಳಿಗೆಲ್ಲ ಕಳುಹಿಸಿದರು. ಹಣ ಕೊಟ್ಟು ಮಾಡುವ ಯಾವ ಪ್ರಚಾರವೂ ಇದಕ್ಕೆ ಸಮನಲ್ಲ.

ಪ್ರಶ್ನೆಗಳು ನನಗೆ ಬರುವುದು ಹೆಚ್ಚಾಗಿ ಧ್ವನಿ ಸಂದೇಶವಾಗಿ. ನಮ್ಮಲ್ಲಿ ಕನ್ನಡ ಚೆನ್ನಾಗಿ ಓದುವ ಹಿರಿಯರಿಗೆ ಮೊಬೈಲಿನಲ್ಲಿ ಬರೆಯುವುದು ತ್ರಾಸ. ಮಲಯಾಳಂ ಮಾಧ್ಯಮದಲ್ಲಿ ಓದಿದ ಮಕ್ಕಳು ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ನಿರರ್ಗಳವಾಗಿ ಮಾತನಾಡಿದರೂ ಉದ್ದದ ಕನ್ನಡ ಬರಹ ಓದಲು ಕಷ್ಟಪಡುತ್ತಾರೆ. ಹಾಗಾಗಿ ಪ್ರತಿ ಪುಟದ ಮೇಲ್ಭಾಗದಲ್ಲಿ ಅದನ್ನು ನಾನೇ ಓದಿದ ಧ್ವನಿಮುದ್ರಿಕೆ ಇದೆ. ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಕೂತು ಊರಿನ ತೋಟ ನೋಡಿಕೊಳ್ಳುವವರಿಗೆ ಇದು ಬಹಳ ಅನುಕೂಲವಾಗಿದೆ. ಅವರನ್ನು ಇನ್‌ಸ್ಟಾಗ್ರಾಂನಲ್ಲಿ ಹುಡುಕಬೇಕು. ಅಲ್ಲಿ ಚಿತ್ರದ ಕೆಳಗಿನ ಬರಹದಲ್ಲಿ ಹಾಕಿದ ಕೊಂಡಿ ಒತ್ತಿದರೂ ತೆರೆಯುವುದಿಲ್ಲ. ಸ್ಟೋರಿಗೆ ಕೊಂಡಿ ಅಂಟಿಸುವ ಸೌಲಭ್ಯ 2021ರಿಂದ ಎಲ್ಲರಿಗೂ ಇರುವುದರಿಂದ ಅದನ್ನೇ ಬಳಸುತ್ತೇನೆ.

ಇನ್ನು ತಾಂತ್ರಿಕ ಸಂಗತಿಗಳು. ಕನ್ನಡದಲ್ಲಿ ಜಾಲತಾಣ ನಡೆಸುವವರು ವಿಳಾಸದ ವಿಷಯದಲ್ಲಿ ಎಚ್ಚರ ವಹಿಸಲೇಬೇಕು. ಪುಟದ ವಿಳಾಸದಲ್ಲಿ ಕನ್ನಡ ಅಕ್ಷರ ಇಟ್ಟರೆ, ನಕಲಿಸಿ ಅಂಟಿಸುವಾಗ ಅದರ ಒಂದೊಂದು ಯುನಿಕೋಡ್ ಚಿಹ್ನೆಯೂ ಒಂಬತ್ತು ಚಿಹ್ನೆಗಳಾಗಿ ಬಿಚ್ಚಿಕೊಳ್ಳುತ್ತದೆ. ‘ಅಡಿಕೆ’ ಎಂಬ ಪುಟ್ಟ ಪದವೇ 45 ಚಿಹ್ನೆಗಳ ಸರಪಳಿಯಾಗುತ್ತದೆ. ವಂಚಕರ ಕೊಂಡಿಗಳ ಭಯದಲ್ಲಿರುವ ಹಿರಿಯರು ಅಂಥದ್ದನ್ನು ಕಂಡರೆ ಒತ್ತುವುದೇ ಇಲ್ಲ. ಇದೊಂದು ಕಡೆ ಮಾತ್ರ ಇಂಗ್ಲಿಷ್ ಅಕ್ಷರಗಳ ಚಿಕ್ಕ ವಿಳಾಸ ಇರಲಿ.

ಕೊಂಡಿಯ ಜೊತೆ ಚಿತ್ರ ಮತ್ತು ಶೀರ್ಷಿಕೆ ಇರುವ ಚೀಟಿ ಕಾಣಿಸಬೇಕಾದರೆ ಪುಟದಲ್ಲಿ ಓಪನ್ ಗ್ರಾಫ್ ಗುರುತುಗಳಿರಬೇಕು, ಅಂದರೆ ಶೀರ್ಷಿಕೆ ಯಾವುದು, ಚಿತ್ರ ಯಾವುದು ಎಂದು ತಿಳಿಸುವ ಸಾಲುಗಳು. ನಾನು 1200 ಪಿಕ್ಸೆಲ್ ಅಗಲ, 630 ಪಿಕ್ಸೆಲ್ ಎತ್ತರದ ಹಗುರವಾದ ಚಿತ್ರ ಇಡುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ಆ ಚೀಟಿ ತಯಾರಾಗುವುದು ಕಳುಹಿಸುವವರ ಮೊಬೈಲಿನಲ್ಲಿ. ನಮ್ಮ ಗುಡ್ಡದ ತಪ್ಪಲಿನ ಮನೆಗಳಲ್ಲಿ ಸಿಗ್ನಲ್ ಬಡವಾಗಿರುವಾಗ ಅವಸರದಿಂದ ಕಳುಹಿಸಿದರೆ ಕೊಂಡಿ ಬರಿಮೈಯಲ್ಲಿ ಹೋಗುತ್ತದೆ. ಚಿತ್ರ ಮೂಡುವವರೆಗೆ ಒಂದೆರಡು ಕ್ಷಣ ಕಾದು ಕಳುಹಿಸಿ ಎಂದು ಹಂಚುವವರಿಗೆಲ್ಲ ಹೇಳಿಕೊಟ್ಟಿದ್ದೇನೆ.

ಅಡಿಕೆ ದರವನ್ನು ಎಂದೂ ಚಿತ್ರದಲ್ಲಿ ಬರೆಯುವುದಿಲ್ಲ. ಚಿತ್ರ ಗುಂಪಿನಿಂದ ಗುಂಪಿಗೆ ಹಾರುತ್ತಾ ವಾರಗಟ್ಟಲೆ ಬದುಕುತ್ತದೆ. ಕಳೆದ ತಿಂಗಳ ಚಾಲಿಯ (ಒಣಗಿಸಿ ಸುಲಿದ ಅಡಿಕೆಯ) ದರ ನೋಡಿ ಯಾರಾದರೂ ಮಾರಾಟ ಮುಂದೂಡಿದರೆ ಆ ನಷ್ಟಕ್ಕೆ ಹೊಣೆ ಯಾರು? ದಿನವೂ ಬದಲಾಗುವುದು ಪುಟದಲ್ಲಿ, ತಾರೀಕಿನೊಂದಿಗೆ. ಬದಲಾಗದಿರುವುದು ಸಂದೇಶದಲ್ಲಿ. ದರಕ್ಕಾಗಿ ದಿನವೂ ಬರುವವರು ಪಕ್ಕದಲ್ಲಿರುವ ಎಲೆಚುಕ್ಕಿ ರೋಗದ ಬರಹವನ್ನೂ ತೆರೆಯುತ್ತಾರೆ.

ಅಳತೆಯ ವಿಚಾರದಲ್ಲಿ ನಾನು ಬಿಗಿ. ವಾಟ್ಸ್‌ಆ್ಯಪ್‌ನಿಂದ ಬಂದವರು, ಜಾಲತಾಣದ ಭೇಟಿಗಳನ್ನು ಲೆಕ್ಕವಿಡುವ ಗೂಗಲ್ ಅನಲಿಟಿಕ್ಸ್‌ನಲ್ಲಿ ಅನೇಕ ವೇಳೆ, ವಿಳಾಸ ಬರೆದು ಬಂದವರಂತೆ ‘ನೇರ’ ಭೇಟಿಯೆಂದೇ ದಾಖಲಾಗುತ್ತಾರೆ. ಆದ್ದರಿಂದ ಹಂಚುವ ಪ್ರತಿ ಕೊಂಡಿಯ ಕೊನೆಗೂ, ಅದನ್ನು ಎಲ್ಲಿ ಹಂಚಿದ್ದೆಂದು ತಿಳಿಸುವ ಯುಟಿಎಂ ಗುರುತು ಸೇರಿಸುತ್ತೇನೆ. ಆಗ ಗುಂಪಿನಿಂದ ಬಂದದ್ದು ಬೇರೆ, ಫೇಸ್‌ಬುಕ್‌ನಿಂದ ಬಂದದ್ದು ಬೇರೆ ಎಂದು ತಿಳಿಯುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಪುಟದಲ್ಲಿದ್ದರೆ ಅನಲಿಟಿಕ್ಸ್ ಅದನ್ನು ತೊಡಗಿಕೊಂಡ ಭೇಟಿ ಎನ್ನುತ್ತದೆ. ಹತ್ತು ಸೆಕೆಂಡಿನಲ್ಲಿ ಕೊಳೆರೋಗದ ಬಗ್ಗೆ ಏನನ್ನು ಓದಲು ಸಾಧ್ಯ? ನಾನು ನೋಡುವುದು ಪುಟವನ್ನು ಶೇ. 90ರಷ್ಟು ಕೆಳಗೆ ಸರಿಸಿದವರನ್ನು, ಮರಳಿ ಬಂದವರನ್ನು, ಓದಿದ ಮೇಲೆ ಇನ್ನೊಂದು ಪ್ರಶ್ನೆ ಕಳುಹಿಸಿದವರನ್ನು. ಫೇಸ್‌ಬುಕ್‌ನ ಮೆಚ್ಚುಗೆಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ವಾಟ್ಸ್‌ಆ್ಯಪ್ ಚಾನೆಲ್ 2023ರಲ್ಲಿ ಭಾರತಕ್ಕೆ ಬಂದಾಗ ಎಲ್ಲರೂ ಅತ್ತ ಹೊರಟರು. ಅಲ್ಲಿ ಓದುಗರು ಪ್ರಶ್ನೆ ಕೇಳುವಂತಿಲ್ಲ. ಹಾಗಾಗಿ ಅದನ್ನು ಮಳೆಯ ಮುನ್ಸೂಚನೆ ಮತ್ತು ಹೊಸ ಪುಟಗಳ ಸುದ್ದಿಗೆ ಮೀಸಲಿಟ್ಟು, ಮಾತುಕತೆಯನ್ನು ಗುಂಪಿನಲ್ಲೇ ಉಳಿಸಿಕೊಂಡಿದ್ದೇನೆ. ಸಂಜೆ ಏಳರ ಬಳಿಕ, ತೋಟದ ಕೆಲಸ ಮುಗಿಸಿ ಕೈಕಾಲು ತೊಳೆದು ಕೂತ ಹೊತ್ತಿನಲ್ಲಿ ಪ್ರಶ್ನೆಗಳು ಬರುತ್ತವೆ. ಎಲೆಚುಕ್ಕಿಯ ಬಗ್ಗೆ ಕೇಳುವವರಿಗೆ ಸೋಗೆಯ ಎರಡೂ ಬದಿಯ ಫೋಟೊವನ್ನು ಹಗಲು ಬೆಳಕಿನಲ್ಲಿ ತೆಗೆದು ಕಳುಹಿಸಲು ಹೇಳುತ್ತೇನೆ. ಅವುಗಳಲ್ಲಿ ಸ್ಪಷ್ಟವಾದವು, ಕಳುಹಿಸಿದವರು ಒಪ್ಪಿದರೆ, ಊರಿನ ಹೆಸರಿನೊಂದಿಗೆ ಪುಟಕ್ಕೆ ಸೇರುತ್ತವೆ. ನನಗೆ ತಿಳಿಯದ ರೋಗಲಕ್ಷಣ ಕಂಡರೆ ಊಹಿಸಿ ಬರೆಯುವುದಿಲ್ಲ. ಕಾಸರಗೋಡಿನಲ್ಲೇ ಇರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಿಗೆ ತೋರಿಸಿ, ಅವರು ಹೇಳಿದ್ದನ್ನು ಮೊದಲು ಕೇಳಿದವರಿಗೆ ತಿಳಿಸಿ, ಆಮೇಲೆ ಪುಟಕ್ಕೆ ಏರಿಸುತ್ತೇನೆ.