ಗುಜರಿ ಹರಾಜಿಗೆ ಮುಂಚೆ: ನಿವೃತ್ತ ಯುದ್ಧನೌಕೆಯ ಒಡಲು ಉಳಿಸುವ ಕೆಲಸ

ಹಳೆಯ ಯುದ್ಧನೌಕೆಯನ್ನು ಉಳಿಸಿ ಎಂಬ ಕೂಗು ಜೋರಾಗುವುದು ಬಹುತೇಕ ಹರಾಜು ಮುಗಿದ ಮೇಲೆ. ಆ ಹೊತ್ತಿಗೆ ಹಡಗಿನ ಮಾಲೀಕತ್ವ ಗುಜರಿ ಕಂಪನಿಗೆ ಹೋಗಿರುತ್ತದೆ, ಕೆಲಸ ಎಂಜಿನಿಯರುಗಳ ಕೈತಪ್ಪಿ ವಕೀಲರ ಕೈ ಸೇರಿರುತ್ತದೆ. ವಿಮಾನವಾಹಕ ನೌಕೆ ಐಎನ್‌ಎಸ್ ವಿರಾಟ್ 2017ರ ಮಾರ್ಚ್‌ನಲ್ಲಿ ನಿವೃತ್ತವಾಯಿತು. 2018ರಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ಅದನ್ನು ಮ್ಯೂಸಿಯಂ ಮಾಡಲು ₹852 ಕೋಟಿಯ ಯೋಜನೆ ಒಪ್ಪಿತ್ತು, ಅದು ಕೈಗೂಡಲಿಲ್ಲ. 2020ರಲ್ಲಿ ₹38.54 ಕೋಟಿಗೆ ಹರಾಜಾಗಿ ಸೆಪ್ಟೆಂಬರ್‌ನಲ್ಲಿ ಹಡಗು ಒಡೆಯುವ ಗುಜರಾತಿನ ಅಲಂಗ್ ದಡ ಸೇರಿತು. ಒಡೆಯುವುದಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟದ್ದು 2021ರ ಫೆಬ್ರುವರಿಯಲ್ಲಿ. ಏಪ್ರಿಲ್‌ನಲ್ಲಿ ಹಡಗು ಉಳಿಸಲು ಕೋರಿದ ಅರ್ಜಿ ಬಿದ್ದುಹೋಯಿತು, ಏಕೆಂದರೆ ಹಡಗಿನ ಸುಮಾರು ಶೇ 40 ಭಾಗ ಅದಾಗಲೇ ಒಡೆದಾಗಿತ್ತು. ಉಳಿಸುವ ಕೆಲಸ ಶುರುವಾಗಬೇಕಾದದ್ದು ಹಡಗಿನ ಧ್ವಜ ಇಳಿದ ವಾರದಲ್ಲೇ. ಆ ವಾರದಿಂದ ನಾವು ಮಾಡುವ ಕೆಲಸದ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕೈಗೆ ತೆಗೆದುಕೊಳ್ಳುವುದು ಡಾಕಿಂಗ್ ನಕ್ಷೆ. ನೀರಿನ ಮಟ್ಟದ ಕೆಳಗೆ ಒಡಲಿನಲ್ಲಿರುವ ಪ್ರತಿಯೊಂದು ತೂತು ಅದರಲ್ಲಿ ಇರುತ್ತದೆ: ಎಂಜಿನ್ ತಂಪಿಗೆ ನೀರೆಳೆಯುವ ಸೀ ಚೆಸ್ಟ್‌ಗಳು, ಹೊರಬಿಡುವ ಪೈಪುಗಳು, ಪ್ರೊಪೆಲರ್ ಶಾಫ್ಟ್ ಹೊರಹೋಗುವ ಕೊಳವೆಯಾದ ಸ್ಟರ್ನ್ ಟ್ಯೂಬ್, ವೇಗಮಾಪಕದ ರಂಧ್ರ, ಸೋನಾರ್. ಇವಕ್ಕೆಲ್ಲ ಸಂಖ್ಯೆ ಕೊಟ್ಟು ಪಟ್ಟಿ ಮಾಡುತ್ತೇವೆ. ವಾಲ್ವ್ ಬಿಗಿದಿದೆ ಎಂದು ನಂಬಿ ಬಿಡುವುದು ಅತಿ ಅಪಾಯದ ನಂಬಿಕೆ. ಒಳಗಿನ ಸೀಟ್ ಸವೆದಿದ್ದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಮುಳುಗುಗಾರರು ಹೊರಗಿನಿಂದ ರಬ್ಬರ್ ಗ್ಯಾಸ್ಕೆಟ್ ಹಾಕಿದ ಉಕ್ಕಿನ ಮುಚ್ಚಳ ಕೂರಿಸಿದ ಮೇಲೆ ಒಳಗಡೆ ಪೈಪಿನ ತುಂಡು ಬಿಚ್ಚಿ ಬ್ಲ್ಯಾಂಕ್ ಫ್ಲ್ಯಾಂಜ್ (ಪೈಪಿನ ಬಾಯಿ ಮುಚ್ಚುವ ತೂತಿಲ್ಲದ ತಟ್ಟೆ) ಬಿಗಿಯುತ್ತೇವೆ. ಮುಂದೆ ಡ್ರೈ ಡಾಕ್ (ನೀರು ಹೊರಹಾಕಿ ಹಡಗು ದುರಸ್ತಿ ಮಾಡುವ ಕಟ್ಟೆ) ಸಿಕ್ಕಾಗ ತೂತಿಗೇ ಪ್ಲೇಟ್ ಬೆಸೆದು ಶಾಶ್ವತವಾಗಿ ಮುಚ್ಚುವುದು.

ಇಷ್ಟು ಗಡಿಬಿಡಿ ಏಕೆ ಎನ್ನುವವರಿಗೆ ಒಂದು ಲೆಕ್ಕ. ನೀರಿನ ಮಟ್ಟದಿಂದ 3 ಮೀಟರ್ ಕೆಳಗೆ 50 ಮಿ.ಮೀ. ವ್ಯಾಸದ ಒಂದೇ ತೂತಿದ್ದರೆ ಸೆಕೆಂಡಿಗೆ ಸುಮಾರು 9 ಲೀಟರ್, ಅಂದರೆ ಗಂಟೆಗೆ 32 ಟನ್ ನೀರು ಒಳಗೆ ಬರುತ್ತದೆ. ಸೇವೆಯಲ್ಲಿರುವ ಹಡಗಿನಲ್ಲಿ ಅದನ್ನು ನೋಡಲು ದಿನದ 24 ಗಂಟೆಯೂ ಜನರಿರುತ್ತಾರೆ. ಖಾಲಿ ಹಡಗಿನಲ್ಲಿ ರಾತ್ರಿ ಯಾರೂ ಇರುವುದಿಲ್ಲ. ಆದ್ದರಿಂದ ಪ್ರತಿ ದೊಡ್ಡ ಕೋಣೆಯ ತಳದಲ್ಲಿ ನೀರು ಏರಿದಾಗ ತೇಲಿ ಎಚ್ಚರಿಸುವ ಎರಡು ಫ್ಲೋಟ್ ಸ್ವಿಚ್, ಒಂದು 100 ಮಿ.ಮೀ. ಎತ್ತರಕ್ಕೆ, ಇನ್ನೊಂದು 300ಕ್ಕೆ, ಬ್ಯಾಟರಿ ಬೆಂಬಲದ ಸೈರನ್, ಫೋನಿಗೆ ಸಂದೇಶ. ವಾರಕ್ಕೊಮ್ಮೆ ಸ್ವಿಚ್ಚನ್ನು ಕೈಯಿಂದ ಎತ್ತಿ ಪರೀಕ್ಷಿಸಲೇಬೇಕು, ಎಣ್ಣೆಯ ಕೆಸರು ಮೆತ್ತಿ ಅವು ಅಂಟಿಕೊಳ್ಳುತ್ತವೆ. 2022ರ ಏಪ್ರಿಲ್‌ನಲ್ಲಿ ಅಮೆರಿಕದ ಬಫಲೋದಲ್ಲಿ ‘ದಿ ಸಲಿವನ್ಸ್’ ಎಂಬ ಮ್ಯೂಸಿಯಂ ಡಿಸ್ಟ್ರಾಯರ್ ಕಟ್ಟಿದ ಜಾಗದಲ್ಲೇ ನೀರು ತುಂಬಿ ವಾಲಿ ತಳಕ್ಕೆ ಕೂತಿತು.

ತೂತು ಮುಚ್ಚಿದ ಮೇಲೆ ದಪ್ಪದ ಅಳತೆ. ಅಲ್ಟ್ರಾಸಾನಿಕ್ ಗೇಜ್‌ನಲ್ಲಿ, ನೀರಿನ ಮಟ್ಟದ ಆಚೀಚೆ ಒಂದು ಮೀಟರ್ ಪಟ್ಟಿಯಲ್ಲಿ ಒತ್ತೊತ್ತಾಗಿ, ಕೆಳಗೆ ಸ್ವಲ್ಪ ವಿರಳವಾಗಿ ಅಳೆಯುತ್ತೇವೆ. ಅಲೆ ಬಡಿದು ಒದ್ದೆಯಾಗುತ್ತ ಒಣಗುತ್ತ ಇರುವ ಆ ಪಟ್ಟಿಯೇ ಮೊದಲು ತೆಳುವಾಗುವುದು. ಆದರೆ ಹೊರಗಿನ ತುಕ್ಕಿಗಿಂತ ಒಳಗಿನದು ಹೆಚ್ಚು ಮೋಸ ಮಾಡುತ್ತದೆ. ಸ್ನಾನದ ಕೋಣೆ, ಅಡುಗೆಮನೆ, ಬ್ಯಾಟರಿ ಕೋಣೆಗಳ ಕೆಳಗೆ, ಲಂಗರಿನ ಸರಪಳಿ ಇಡುವ ಗೂಡಿನಲ್ಲಿ, ಒಡಲಿನ ತೀರಾ ತಳಭಾಗವಾದ ಬಿಲ್ಜ್‌ನಲ್ಲಿ ನೀರು ನಿಂತ ಕಡೆ ಪ್ಲೇಟ್ ಒಳಗಿನಿಂದ ಕರಗುತ್ತಿರುತ್ತದೆ, ಹೊರಗೆ ಬಣ್ಣ ನೆಟ್ಟಗಿರುತ್ತದೆ. ಮೂಲ ದಪ್ಪದ ನಾಲ್ಕನೇ ಒಂದು ಭಾಗ ಹೋಗಿದ್ದರೆ ಆ ಪ್ಲೇಟ್ ಬದಲಿಸಬೇಕೆಂದು ಗುರುತು ಹಾಕುತ್ತೇವೆ. ತೆಳು ಪ್ಲೇಟಿನ ಮೇಲೆ ಇನ್ನೊಂದು ಪ್ಲೇಟ್ ಹೊದಿಸಿ ಬೆಸೆಯುವುದು ತಾತ್ಕಾಲಿಕ ಉಪಾಯ ಮಾತ್ರ. ಬೆಸುಗೆಯಲ್ಲಿ ಸಣ್ಣ ಬಿರುಕಿದ್ದರೂ ಎರಡರ ನಡುವೆ ಉಪ್ಪುನೀರು ಸೇರಿ ಎರಡನ್ನೂ ತಿನ್ನುತ್ತದೆ. ತೀರಾ ತೆಳುವಾದ ಕಡೆ ವೆಲ್ಡಿಂಗ್ ರಾಡ್ ತಾಗಿಸಿದರೆ ಪ್ಲೇಟೇ ತೂತಾಗುತ್ತದೆ. ಅಂಥಲ್ಲಿ ಎಪಾಕ್ಸಿ ತೇಪೆಯೇ ಗತಿ. ಅಮೆರಿಕದ ಯುದ್ಧನೌಕೆ ಟೆಕ್ಸಸ್ ಅನ್ನು 2022ರ ಆಗಸ್ಟ್‌ನಲ್ಲಿ ಡಾಕ್‌ಗೆ ಎಳೆದೊಯ್ಯುವ ಮುನ್ನ ಅದರ ಪಕ್ಕದ ಸೋರುವ ಟ್ಯಾಂಕುಗಳಿಗೆ ಉಬ್ಬುವ ಫೋಮ್ ತುಂಬಿಸಿದ್ದರು, ನೀರಿಗೆ ಜಾಗವೇ ಇರದಂತೆ.

ಇನ್ನು ತೂಕ. ಶಸ್ತ್ರ, ಮದ್ದುಗುಂಡು, ಇಂಧನ ಇಳಿಸಿದ ಹಡಗು ಮೇಲೇಳುತ್ತದೆ, ಗುರುತ್ವ ಕೇಂದ್ರವೂ ಜಾಗ ಬದಲಿಸುತ್ತದೆ. ಹಳೆಯ ಸ್ಥಿರತೆಯ ಪುಸ್ತಕವನ್ನು ನೆಚ್ಚಿ ಎಳೆಯಲು ಹೊರಡುವುದು ಸಲ್ಲದು. ಗೊತ್ತಿರುವ ತೂಕವನ್ನು ಡೆಕ್ ಮೇಲೆ ಅಡ್ಡಲಾಗಿ ಸರಿಸಿ, ಒಳಗೆ ತೂಗುಬಿಟ್ಟ ಲೋಲಕ ಎಷ್ಟು ಸರಿಯಿತೆಂದು ಅಳೆಯಬೇಕು. 2,000 ಟನ್ ಹಡಗಿನಲ್ಲಿ 5 ಟನ್ ತೂಕವನ್ನು 10 ಮೀಟರ್ ಸರಿಸಿದಾಗ 4 ಮೀಟರ್ ಉದ್ದದ ಲೋಲಕ 100 ಮಿ.ಮೀ. ಸರಿದರೆ ಹಡಗಿನ ಸ್ಥಿರತೆಯ ಅಳತೆಯಾದ ಮೆಟಾಸೆಂಟ್ರಿಕ್ ಎತ್ತರ 1 ಮೀಟರ್. ಹಡಗನ್ನು ಸ್ಥಿರಗೊಳಿಸಲು ನೀರಿನ ಭಾರ (ಬ್ಯಾಲಸ್ಟ್) ಬೇಕಾದರೆ ಟ್ಯಾಂಕ್ ಪೂರ್ತಿ ತುಂಬಿಸಿ ಇಲ್ಲವೇ ಪೂರ್ತಿ ಖಾಲಿ ಬಿಡಿ. ಅರ್ಧ ತುಂಬಿದ ಟ್ಯಾಂಕಿನ ನೀರು ವಾಲಿದ ಕಡೆಗೇ ಓಡಿ ಹಡಗನ್ನು ಇನ್ನಷ್ಟು ವಾಲಿಸುತ್ತದೆ. ಎಳೆಯುವಾಗ ಚುಕ್ಕಾಣಿ ನಡುವಿಗೆ ನಿಲ್ಲಿಸಿ ಬೀಗ, ಶಾಫ್ಟ್ ತಿರುಗದಂತೆ ಬೀಗ, ಹಿಂಭಾಗ ಸ್ವಲ್ಪ ಹೆಚ್ಚು ಮುಳುಗಿರಲಿ, ಎಳೆಯುವ ದೋಣಿಯಾದ ಟಗ್‌ನ ಹಗ್ಗ ತುಂಡಾದರೆ ಹಿಡಿಯಲು ತೇಲುವ ಇನ್ನೊಂದು ಹಗ್ಗ.

ದಡದಲ್ಲಿ ಕಟ್ಟಿದ ಮೇಲೆ ಬರುವ ಒಂದು ಕೇಡನ್ನು ಬಹಳ ಮಂದಿ ಗಮನಿಸುವುದಿಲ್ಲ: ದಡದ ವಿದ್ಯುತ್. ಭೂಸಂಪರ್ಕದ ತಂತಿ ಹಡಗಿನ ಒಡಲನ್ನು ಜೆಟ್ಟಿಯ ಉಕ್ಕಿಗೆ ಜೋಡಿಸುತ್ತದೆ, ಸಮುದ್ರದ ನೀರು ಆ ಸುತ್ತನ್ನು ಪೂರ್ತಿ ಮಾಡುತ್ತದೆ, ಹಡಗು ತನ್ನ ಲೋಹ ಕೊಟ್ಟು ಜೆಟ್ಟಿಯನ್ನು ಕಾಪಾಡತೊಡಗುತ್ತದೆ. ಈ ಲೋಹದ ಜೋಡಣೆಯನ್ನು ತಪ್ಪಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ವಿದ್ಯುತ್ ಕೊಡಲೇಬಾರದು. ಜೊತೆಗೆ ಒಡಲಿನ ಬದಲು ತಾವೇ ಸವೆಯುವ ಸತುವಿನ ಆನೋಡ್‌ಗಳನ್ನು ಇಳಿಬಿಟ್ಟು, ಬೆಳ್ಳಿ-ಬೆಳ್ಳಿ ಕ್ಲೋರೈಡ್ ಎಲೆಕ್ಟ್ರೋಡ್‌ನಿಂದ ಒಡಲಿನ ವೋಲ್ಟೇಜ್ ನೋಡುತ್ತೇವೆ. ಮೈನಸ್ 0.80 ವೋಲ್ಟ್ ಅಥವಾ ಅದಕ್ಕಿಂತ ಋಣಾತ್ಮಕವಾಗಿದ್ದರೆ ರಕ್ಷಣೆ ಇದೆ, ಮೈನಸ್ 0.65ರ ಹತ್ತಿರ ಬಂದರೆ ಉಕ್ಕು ಕರಗುತ್ತಿದೆ; ಮೈನಸ್ 1.10 ದಾಟಿದರೆ ಬಣ್ಣ ಗುಳ್ಳೆ ಏಳುತ್ತದೆ.

ನನ್ನ ಅಭಿಪ್ರಾಯದಲ್ಲಿ, ಗಾತ್ರ ಅವಕಾಶ ಕೊಟ್ಟರೆ ಹಡಗನ್ನು ನೆಲಕ್ಕೆ ತರುವುದೇ ಒಳ್ಳೆಯದು. ಕಾರವಾರದ ಕಡಲತೀರದಲ್ಲಿರುವ ಕ್ಷಿಪಣಿ ದೋಣಿ ಐಎನ್‌ಎಸ್ ಚಪಲ್, ವಿಶಾಖಪಟ್ಟಣದಲ್ಲಿ 2002ರಲ್ಲಿ ಜನರಿಗೆ ತೆರೆದ 91 ಮೀಟರ್ ಉದ್ದದ ಜಲಾಂತರ್ಗಾಮಿ ಕುರ್ಸುರಾ, ಎರಡೂ ಉಳಿದದ್ದು ಹಾಗೆ. ಡ್ರೈ ಡಾಕ್‌ನ ಖರ್ಚು ಅಲ್ಲಿಗೆ ಮುಗಿಯಿತು. ಆಸರೆಯ ಕಂಬಗಳನ್ನು ಫ್ರೇಮ್ (ಒಡಲಿನ ಪಕ್ಕೆಲುಬು) ಮತ್ತು ಬಲ್ಕ್‌ಹೆಡ್‌ಗಳ (ಅಡ್ಡಗೋಡೆ) ನೇರ ಕೆಳಗೆ ಕೊಡಬೇಕು, ಬರಿ ಪ್ಲೇಟಿಗೆ ಕೊಟ್ಟರೆ ಒಳಕ್ಕೆ ತಗ್ಗುತ್ತದೆ. ಒಡಲಿನ ಅತಿ ತಗ್ಗಿನ ಜಾಗಗಳಲ್ಲಿ ನೀರು ಹರಿದುಹೋಗಲು ರಂಧ್ರ ಕೊರೆಯಿರಿ, ಕರಾವಳಿಯ ಮಳೆಗಾಲದಲ್ಲಿ ಎಲ್ಲಿಂದಲಾದರೂ ನೀರು ಒಳಸೇರಿಯೇ ಸೇರುತ್ತದೆ. ಜನ ಓಡಾಡದ ಕೋಣೆಗಳನ್ನು ಮುಚ್ಚಿ, ತೇವ ಹೀರುವ ಯಂತ್ರದಿಂದ ಒಳಗಿನ ಆರ್ದ್ರತೆಯನ್ನು ಶೇ 50ಕ್ಕಿಂತ ಕೆಳಗೆ ಇಟ್ಟರೆ ತುಕ್ಕು ಬಹುತೇಕ ನಿಲ್ಲುತ್ತದೆ. ಬಾಗಿಲು ತೆರೆದಿರುವ ಭಾಗದಲ್ಲಿ ಈ ಯಂತ್ರ ಹಾಕಿದರೆ ವಿದ್ಯುತ್ ಬಿಲ್ಲು ಮಾತ್ರ ಏರುತ್ತದೆ.

ವಿಮಾನವಾಹಕದಂಥದ್ದಕ್ಕೆ ಈ ದಾರಿ ಬಲು ಕಷ್ಟ. ನೀರಿನಲ್ಲೇ ಇಡುವುದಾದರೆ ನಿಯತಕಾಲಕ್ಕೆ ಡ್ರೈ ಡಾಕ್ ಮಾಡಿಸುವ ಹಣ ಮೊದಲ ದಿನವೇ ಬೇರೆ ಖಾತೆಯಲ್ಲಿರಬೇಕು. ಟಿಕೆಟ್ ಹಣದಿಂದ ಅದು ಹುಟ್ಟುವುದಿಲ್ಲ. ಹಣವಿಲ್ಲ ಎಂದು ಖಚಿತವಾದರೆ, ಹರಾಜಿನ ಷರತ್ತುಗಳು ಅಂತಿಮವಾಗುವ ಮುನ್ನವೇ ನೌಕಾಪಡೆಗೆ ಬರೆದು ಕೊಡುವ ಪಟ್ಟಿಯೊಂದಿದೆ: ಹಡಗಿನ ಗಂಟೆ, ಲಾಂಛನ, ನಿರ್ಮಾಣಗಾರರ ಫಲಕ, ಚುಕ್ಕಾಣಿ ಚಕ್ರ, ಲಂಗರು, ಎಂಜಿನ್ ಆಜ್ಞೆಯ ಟೆಲಿಗ್ರಾಫ್, ನಕ್ಷೆಗಳ ಪೂರ್ತಿ ಕಟ್ಟು. ಹಳೆಯ ಕೋಣೆಗಳ ಪೈಪು ಹೊದಿಕೆಯಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇರುವುದರಿಂದ ಮಾದರಿ ಪರೀಕ್ಷೆ ಆಗುವವರೆಗೆ ಯಾವ ಫಲಕವನ್ನೂ ಕಿತ್ತು ತೆಗೆಯಬೇಡಿ. ಪ್ರತಿ ವಸ್ತುವನ್ನು ಅದು ಇದ್ದ ಜಾಗದಲ್ಲೇ ಅಳತೆಪಟ್ಟಿ ಸಹಿತ ಫೋಟೊ ತೆಗೆದು, ಡೆಕ್ ಮತ್ತು ಫ್ರೇಮ್ ಸಂಖ್ಯೆ ಬರೆದ ಲೋಹದ ಚೀಟಿ ಕಟ್ಟಿದ ಮೇಲಷ್ಟೇ ಬಿಚ್ಚಿ.